300 ಕಿ.ಮೀ. ಓಡುತ್ತೆ ಅಂದರೆ ನಂಬಿ ಹೊರಡಬೇಡಿ

ದಾವಣಗೆರೆ ಕಡೆ ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತಿರುವವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನಾನು ಯಾರನ್ನೂ ಕೇಳದೆ ಕೊಟ್ಟವನು.

ನನ್ನದು 30 ಯೂನಿಟ್ (kWh) ಕರೆಂಟ್ ಹಿಡಿಯುವ ಬ್ಯಾಟರಿಯ ಕಾರು. ಷೋರೂಮಿನಲ್ಲಿ ಒಂದು ಚಾರ್ಜಿಗೆ 300ರ ಮೇಲೆ ಅಂದರು. ಇಲ್ಲಿಂದ ಬೆಂಗಳೂರು ಸುಮಾರು 260 ಕಿ.ಮೀ. ಸರಿಹೋಯ್ತು ಅಲ್ವಾ? ಇಲ್ಲ. ಆ 300 ರಸ್ತೆಯಲ್ಲಿ ಓಡಿಸಿ ಅಲ್ಲ, ಲ್ಯಾಬಿನಲ್ಲಿ ರೋಲರ್ ಮೇಲೆ ಚಕ್ರ ತಿರುಗಿಸಿ ತೆಗೆದ ಲೆಕ್ಕ. ಹೈವೇಯಲ್ಲಿ 100ರ ವೇಗ, ಎಸಿ, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇದ್ದಾಗ ನನಗೆ ಸಿಕ್ಕಿದ್ದು 180, ಹೆಚ್ಚೆಂದರೆ 190. ಬೆಂಗಳೂರು ನಮಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಹೋಗುವಾಗ ಇನ್ನೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ.

ಬರುವಾಗ ಇಳಿಜಾರು, ಆರಾಮಾಗಿ ಬರಬಹುದು ಅಂದುಕೊಂಡಿದ್ದೆ. ಜುಲೈನಲ್ಲಿ ಮಗಳನ್ನು ಪಿಜಿಗೆ ಬಿಟ್ಟು ವಾಪಸ್ ಹೊರಟಾಗ ಬ್ಯಾಟರಿ 100 ಪರ್ಸೆಂಟ್ ಇತ್ತು. ಶಿರಾ ದಾಟಿದ ಮೇಲೆ ಆಷಾಢದ ಗಾಳಿ ಶುರುವಾಯಿತು, ಸ್ಟೇರಿಂಗ್ ಅಲುಗಾಡುವಷ್ಟು. ಹಿರಿಯೂರಿಗೆ ಬರುವಷ್ಟರಲ್ಲಿ 11.

ಆ್ಯಪ್‌ನಲ್ಲಿ ಚಾರ್ಜರ್ ಹಸಿರು ತೋರಿಸುತ್ತಿತ್ತು. ಹೋಗಿ ನೋಡಿದರೆ ಇದ್ದ ಎರಡು ಗನ್‌ಗಳಲ್ಲಿ (ಕಾರಿಗೆ ಚುಚ್ಚುವ ಚಾರ್ಜಿಂಗ್ ಪ್ಲಗ್) ಒಂದರ ಸ್ಕ್ರೀನ್ ಕಪ್ಪು. ಇನ್ನೊಂದರಲ್ಲಿ ಒಬ್ಬರು 80 ದಾಟಿಸಿ ಕೂತಿದ್ದರು. 80ರ ಮೇಲೆ ಚಾರ್ಜಿಂಗ್ ಬಸವನಹುಳು ಆಗಿಬಿಡುತ್ತದೆ, ಬ್ಯಾಟರಿಯನ್ನು ಕಾಪಾಡಲು ಕಾರೇ ವೇಗ ಇಳಿಸುತ್ತದೆ. ಅವರಿಗೆ ಹುಬ್ಬಳ್ಳಿ ಮುಟ್ಟಬೇಕಿತ್ತು, ಪಾಪ, ಅವರನ್ನು ಏನನ್ನಲಿ. ಮುಕ್ಕಾಲು ಗಂಟೆ ಕಾದು ಗನ್ ಚುಚ್ಚಿದೆ. ಫಾಲ್ಟ್! ಸಹಾಯವಾಣಿಯ ಹುಡುಗ, 'ಇಲ್ಲಿಂದಲೇ ರೀಸ್ಟಾರ್ಟ್ ಮಾಡ್ತೀವಿ ಸರ್, ಹದಿನೈದು ನಿಮಿಷ' ಅಂದ. ಮೂರು ಸಲ ಅದನ್ನೇ ಅಂದ. ಆ ಆ್ಯಪ್‌ಗೆ ಹಾಕಿದ 500 ರೂಪಾಯಿ ಒಳಗೇ ಕೂತಿತ್ತು.

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಕಣ್ಣೆದುರಿಗೇ ಕರೆಂಟ್ ಹುಟ್ಟುತ್ತಿದೆ, ನಮಗೆ ಮಾತ್ರ ಇಲ್ಲ. ಅಮ್ಮ ಹಿಂದಿನ ಸೀಟಿನಿಂದ, 'ನಮ್ಮ ಹಳೇ ಮಾರುತೀನೇ ಚೆನ್ನಾಗಿತ್ತಲ್ಲೋ' ಅಂದರು.

ಪಕ್ಕದ ಢಾಬಾದವರು ಒಳ್ಳೆಯವರು. ಫ್ರಿಜ್ ವೈರ್ ಕಿತ್ತು ಆ 15 ಆಂಪ್ ಪ್ಲಗ್ ನಮಗೆ ಬಿಟ್ಟುಕೊಟ್ಟರು. ಸಿಕ್ಕಿಸಿದ ತಕ್ಷಣ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ. ಸಾಕೆಟ್‌ಗೆ ತೂತು ಮೂರಿದ್ದವು, ಮೂರನೆಯದಕ್ಕೆ, ಅಂದರೆ ಅರ್ಥಿಂಗ್‌ದಕ್ಕೆ, ವೈರೇ ಇರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಈ ಕಾರು ಒಂದು ಹನಿ ಕರೆಂಟೂ ಮುಟ್ಟುವುದಿಲ್ಲ. ಅದು ನಮ್ಮ ಸುರಕ್ಷತೆಗೇ, ಗೊತ್ತು. ಆದರೂ ರಾತ್ರಿ ಒಂಬತ್ತಕ್ಕೆ ಹೈವೇ ಪಕ್ಕ ನಿಂತವನಿಗೆ ಅಷ್ಟು ತಾಳ್ಮೆ ಇರಲ್ಲ. ಟೋ ಮಾಡಿಸೋಣ ಅಂದರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಚಕ್ರ ನೆಲಕ್ಕೆ ತಾಗದ ಹಾಗೆ ಲಾರಿ ಮೇಲೇ ಹೇರಬೇಕು. ಹತ್ತೂವರೆಗೆ ಚಾರ್ಜರ್‌ಗೆ ಜೀವ ಬಂತು. ಮನೆ ತಲುಪಿದಾಗ ರಾತ್ರಿ ಒಂದು ದಾಟಿತ್ತು.

ಅರ್ಥಿಂಗ್ ಕಥೆ ಮನೆಯಲ್ಲೂ ಇತ್ತು. ನಮ್ಮದು ಹಳೇ ಮನೆ. ಏಪ್ರಿಲ್ ಬಿಸಿಲಿಗೆ ಅರ್ಥ್ ಗುಂಡಿ ಒಣಗಿ, ಕಾರು ರಾತ್ರಿ ಚಾರ್ಜಿಂಗ್ ನಿಲ್ಲಿಸಿಬಿಡುತ್ತಿತ್ತು. ಬೆಳಿಗ್ಗೆ ನೋಡಿದರೆ ಹಾಗೇ 34. ಮನೆಯ ಪ್ಲಗ್‌ನಲ್ಲಿ ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು, ಹಾಗಾಗಿ ಒಂದು ರಾತ್ರಿ ಕೈತಪ್ಪಿದರೆ ಮರುದಿನ ಸ್ಕೂಟರೇ ಗತಿ. ಕೊನೆಗೆ ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿಸಿದೆ. ಈಗ ಬೇಸಿಗೆಯಲ್ಲಿ ತುಳಸಿ ಗಿಡದ ಜೊತೆ ಅದಕ್ಕೂ ಒಂದು ಕೊಡ ನೀರು. ನೀವು ಕಾರು ಬುಕ್ ಮಾಡುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿದು ಅರ್ಥಿಂಗ್ ನೋಡಿಸಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ.

ಬರೀ ಊರೊಳಗೆ ಓಡಿಸುವವರಿಗೆ ನಾನು ಬೇಡ ಅನ್ನಲ್ಲ. ಹರಿಹರಕ್ಕೆ ಹೋಗಿಬಂದರೂ ಮನೆಯ ಕರೆಂಟಲ್ಲಿ ಕಿ.ಮೀ.ಗೆ ಒಂದು ರೂಪಾಯಿ ಆಸುಪಾಸು. ಹೈವೇ ಚಾರ್ಜರ್‌ನಲ್ಲಿ ನನಗೆ ಅದರ ಮೂರರಷ್ಟು ಬಿತ್ತು. ಬೆಂಗಳೂರಿಗೆ ಪದೇ ಪದೇ ಹೋಗುವವರು 45 ಯೂನಿಟ್‌ಗಿಂತ ಚಿಕ್ಕ ಬ್ಯಾಟರಿ ನೋಡಲೇಬೇಡಿ. ದಾರಿಯಲ್ಲಿ ಒಂದಲ್ಲ, ಎರಡು ಚಾರ್ಜರ್ ಗುರುತು ಹಾಕಿಕೊಳ್ಳಿ. ಬ್ಯಾಟರಿ 25 ಇರುವಾಗಲೇ ಮೊದಲನೆಯದರ ಹತ್ತಿರ ಇರಬೇಕು.

ದಸರಾ ರಜೆಗೆ ಮಗಳು ರೈಲಲ್ಲಿ ಬಂದಳು. ಸ್ಟೇಷನ್‌ನಿಂದ ಮನೆಗೆ ಕರೆತರಲು ಮಾತ್ರ ಈ ಕಾರು ಹೋಗಿತ್ತು.