ಹಾಪ್ಸ್ ನೆನೆಸುವ ಸ್ಟೀಲ್ ಜಾಲರಿ: ಪರಿಮಳಕ್ಕೆ ಪೂರ್ತಿ ಅಂಕ, ಬೆಸುಗೆಗೆ ಸೊನ್ನೆ

ಈ ಜಾಲರಿ ಕೊಳವೆ ಬಿಯರ್ ಮಾಡುವವರಿಗೆಂದೇ ಬಂದದ್ದು. ಬಿಯರ್ ಹುಳಿತು ಮುಗಿದ ಮೇಲೆ, ಬಾಟಲಿಗೆ ತುಂಬುವ ಮೊದಲು, ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಎಂಬ ಹೂವಿನ ಗುಳಿಗೆಗಳನ್ನು ಇದರಲ್ಲಿ ತುಂಬಿ ಒಳಗೆ ಇಳಿಬಿಡುತ್ತಾರೆ. ಡ್ರೈ ಹಾಪಿಂಗ್ ಅಂದರೆ ಇದೇ. ಕೇರಳದ ಅಬ್ಕಾರಿ ಕಾನೂನಿನಂತೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಹಾಗಾಗಿ ಬದಿಯಡ್ಕದ ನಮ್ಮ ಮನೆಯಲ್ಲಿ ಇದು ಕೊಂಬುಚಾ, ಅಂದರೆ ಸಕ್ಕರೆ ಹಾಕಿದ ಚಹಾ ಹುಳಿಸಿ ಮಾಡುವ ಪಾನೀಯದ ಭರಣಿಗೆ ಇಳಿಯುತ್ತದೆ. ಹಾಪ್ಸ್ ಕುದಿಸಿದರೆ ಕಹಿ ಬಿಡುತ್ತದೆ. ತಣ್ಣಗೆ ನೆನೆಸಿದರೆ ಎಣ್ಣೆಯ ಪರಿಮಳವೇ ಜಾಸ್ತಿ. ಕೊಂಬುಚಾಕ್ಕೆ ಬೇಕಾದ್ದೂ ಅದೇ.

ಕೊಂಬುಚಾ ಹುಳಿಗೆ ಬಂದ ದಿನ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಶುರು ಮಾಡುತ್ತೇನೆ. ಮೊದಲು ಸ್ಕೋಬಿಯನ್ನು (ಚಹಾವನ್ನು ಹುಳಿಸುವ ಬ್ಯಾಕ್ಟೀರಿಯಾ, ಯೀಸ್ಟ್‌ಗಳ ಲೋಳೆಯಂಥ ಬಿಲ್ಲೆ) ತೆಗೆದು, ಮುಂದಿನ ಸಲಕ್ಕೆಂದು ಸ್ವಲ್ಪ ಹಳೇ ಕೊಂಬುಚಾದೊಂದಿಗೆ ಬೇರೆ ಪಾತ್ರೆಯಲ್ಲಿ ಇಡುತ್ತೇನೆ. ಹಾಪ್ಸ್ ಎಣ್ಣೆ ಅದಕ್ಕೆ ಹತ್ತಬಾರದು. ಜಾಲರಿಯನ್ನು ಕುದಿಸಿ ಆರಿಸುತ್ತೇನೆ. ಆಮೇಲೆ ಫ್ರೀಜರಿನಿಂದ ಕ್ಯಾಸ್ಕೇಡ್ ಹಾಪ್ಸ್ ಪೊಟ್ಟಣ ತೆಗೆದು ಬಾಯಿ ಬಿಚ್ಚಬೇಕು. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ತಳಿಯ ವಾಸನೆ ಇಡೀ ಅಡುಗೆಮನೆ ತುಂಬುತ್ತದೆ. ಲೀಟರಿಗೆ 2 ಗ್ರಾಂ ಸಾಕು. ಕೊಳವೆಯನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಗುಳಿಗೆಗಳು ನೀರು ಕುಡಿದು ಉಬ್ಬುತ್ತವೆ. ನಡುವಿನವು ಒಣಗಿಯೇ ಉಳಿದರೆ ದುಡ್ಡು ದಂಡ.

ಬೆಳಿಗ್ಗೆ ಭರಣಿಯ ಬಾಯಿಗೆ ಕಟ್ಟಿದ ಬೈರಾಸು ಬಿಚ್ಚಿದಾಗ ಬರುವ ಪರಿಮಳಕ್ಕಾಗಿಯೇ ಇಷ್ಟೆಲ್ಲ. ಆಗಷ್ಟೇ ಸುಲಿದ ಚಕ್ಕೋತದ ಸಿಪ್ಪೆಯಂತೆ. ಕೊಂಬುಚಾ ಅಂದರೆ ಮುಖ ತಿರುಗಿಸುತ್ತಿದ್ದ ಅತ್ತೆ ಒಂದು ಗುಟುಕು ಕುಡಿದು, "ಇದಕ್ಕೆಂತ ಚಕ್ಕೋತ ಹಾಕಿದ್ದಾ?" ಅಂತ ಕೇಳಿದರು. ಈಗ ಅವರಿಗೂ ಒಂದು ಲೋಟ ಎತ್ತಿಡಬೇಕು. ಶುಂಠಿ, ಪುನರ್ಪುಳಿ ಎಲ್ಲ ಹಾಕಿ ನೋಡಿದವಳು ನಾನು. ಈ ಪರಿಮಳ ಅವುಗಳಿಂದ ಬರುವುದಿಲ್ಲ. ನಮ್ಮ ಸೆಕೆಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಇಡಿ. ಮತ್ತೂ ಬಿಟ್ಟರೆ ಹಸಿ ಹುಲ್ಲಿನ ರುಚಿ ಬರುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆಯ ಉದ್ದಕ್ಕೆ ಇರುವ ಬೆಸುಗೆಯಲ್ಲಿ ಕಂದು ಚುಕ್ಕೆಗಳು ಎದ್ದವು. ಉಜ್ಜಿದರೆ ಹೋಗುತ್ತವೆ, ಮುಂದಿನ ಸಲ ಅಲ್ಲೇ ಮತ್ತೆ ಬರುತ್ತವೆ. ತುಕ್ಕೇ. ಕೊಂಬುಚಾದ ಪಿಎಚ್ 3ರ ಆಸುಪಾಸು, ಬಿಯರಿಗಿಂತ ಹುಳಿ ಜಾಸ್ತಿ. ಒಳ್ಳೆಯ 304 ದರ್ಜೆಯ ಸ್ಟೀಲ್ ಇಷ್ಟು ಹುಳಿಯನ್ನು ತಡೆದುಕೊಳ್ಳುತ್ತದೆ. ನಿಕ್ಕೆಲ್ ಕಮ್ಮಿಯಿರುವ 201 ದರ್ಜೆಯದು ಬೇಗ ಸೋಲುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿದರೂ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡೂ ಗಟ್ಟಿಯಾಗಿ ಅಂಟುವುದಿಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದರೆ, "ಸ್ಟೇನ್‌ಲೆಸ್‌ಗೆ ತುಕ್ಕು ಬರುವುದಿಲ್ಲ, ಚೆನ್ನಾಗಿ ತೊಳೆಯಿರಿ" ಅಂತ ಉತ್ತರ. ಪ್ರತಿ ಸಲ ಕುದಿಸಿ ಒರೆಸಿ ಇಡುವವಳಿಗೆ ಹೀಗೆ ಹೇಳಿದರೆ ಸಿಟ್ಟು ಬಾರದೇ ಇರುತ್ತದಾ? ಹೊಟ್ಟೆಗೆ ಹೋಗುವ ವಸ್ತು ಇದು. 600 ರೂಪಾಯಿ ನಮ್ಮ ಮನೆಯಲ್ಲಿ ಸುಮ್ನೆ ಬಿಸಾಡುವ ದುಡ್ಡೂ ಅಲ್ಲ.

ಹಾಗಂತ ಹಾಪ್ಸ್ ಬಿಡಲು ಮನಸ್ಸಿಲ್ಲ. ಈಗ ಹಳೇ ಬಿಳಿ ಪಂಚೆಯ ತೆಳು ತುಂಡನ್ನು ಕುದಿಸಿ, ಒಳಗೆ ಭಾರಕ್ಕೆ ಗಾಜಿನ ಗೋಲಿ ಹಾಕಿ, ಸಡಿಲವಾಗಿ ಗಂಟು ಕಟ್ಟಿ ಇಳಿಸುತ್ತೇನೆ. ಪರಿಮಳ ಒಂದಿಷ್ಟೂ ಕಮ್ಮಿಯಿಲ್ಲ. ಬಿಯರಿನ ಲೆಕ್ಕದಲ್ಲಿ ಈ ಜಾಲರಿ ಸಾಕಾಗಬಹುದು. ಕೊಂಬುಚಾಕ್ಕಾದರೆ 304 ಎಂದು ಬರೆದುಕೊಟ್ಟವರಿಂದ ಮಾತ್ರ ಕೊಳ್ಳಿ, ಬೆಸುಗೆಯ ಫೋಟೋ ಮೊದಲೇ ಕೇಳಿ. ಬಟ್ಟೆಯಲ್ಲಿ ಕಟ್ಟುವವರು ಎತ್ತುವಾಗ ಹಿಂಡಬೇಡಿ. ಹಸಿರು ಹುಡಿ ಬಾಟಲಿಗೆ ಇಳಿದರೆ, ಮುಚ್ಚಳ ತೆಗೆದ ಕೂಡಲೇ ಅರ್ಧ ಬಾಟಲಿ ನೊರೆಯಾಗಿ ಉಕ್ಕಿ ಹೋಗುತ್ತದೆ.