ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಎರಡು ವರ್ಷ, ಒಂದು ಬಿಳಿ ಕರ್ಚೀಫು

ಮೊದಲು ಕರ್ಚೀಫಿನ ವಿಷಯ ಹೇಳಿಬಿಡುತ್ತೇನೆ. ವಿಜಯನಗರದಿಂದ ಗರುಡಾಚಾರ್‌ಪಾಳ್ಯದ ಆಫೀಸಿಗೆ ಏಳು ವರ್ಷ ಸ್ಕೂಟರಿನಲ್ಲಿ ಓಡಾಡಿದವನು ನಾನು. ಸಂಜೆ ಮನೆಗೆ ಬಂದು ಮೂಗು ಒರೆಸಿಕೊಂಡರೆ ಕರ್ಚೀಫಿನ ತುಂಬ ಮಸಿ. ಹೆಂಡತಿ ಅದನ್ನು ಬೇರೆ ಬಟ್ಟೆಗಳ ಜೊತೆ ಸೇರಿಸುತ್ತಲೇ ಇರಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಅದಕ್ಕೆಂದೇ ಒಂದು ಹಳೇ ಮಗ್ಗು, ಸೋಪಿನ ನೀರು. ಬೆಳಿಗ್ಗೆ ನೋಡಿದರೆ ನೀರು ಡಿಕಾಕ್ಷನ್ ಬಣ್ಣ.

2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಬಾಕಿಯಿದ್ದ ತುಂಡು ದಾರಿಯಲ್ಲೂ ಮೆಟ್ರೊ ಓಡಿತು. ಅವತ್ತಿನಿಂದ ಸ್ಕೂಟರ್ ಮನೆಯಲ್ಲೇ ಬಿಟ್ಟೆ. ಎರಡನೇ ವಾರ ಹೆಂಡತಿ ಕೇಳಿದಳು: "ಕರ್ಚೀಫು ತಗೊಂಡು ಹೋಗ್ತಿಲ್ವಾ?"

ಎಸಿ, ವೇಗ, ಕ್ಯೂ ಎಲ್ಲ ನಿಮಗೇ ಗೊತ್ತಿದೆ, ಬಿಡಿ. ನನಗೆ ಇಷ್ಟ ದಾರಿ. ಮೆಜೆಸ್ಟಿಕ್‌ನಲ್ಲಿ ಅರ್ಧ ಬೋಗಿ ಇಳಿಯುತ್ತದೆ, ಅದಕ್ಕಿಂತ ಜಾಸ್ತಿ ಹತ್ತುತ್ತದೆ. ಕಬ್ಬನ್ ಪಾರ್ಕ್ ದಾಟಿ ರೈಲು ಸುರಂಗದಿಂದ ಮೇಲೆ ಬಂದಾಗ ಮುಖಕ್ಕೆ ಬಿಸಿಲು ಬೀಳುತ್ತದೆ. ಮೊಬೈಲಿನಲ್ಲಿ ಮುಳುಗಿದವರೂ ಒಮ್ಮೆ ತಲೆ ಎತ್ತುತ್ತಾರೆ. ಬೆನ್ನಿಗಾನಹಳ್ಳಿ ಆದಮೇಲೆ ನಾನು ಕಿಟಕಿ ಬಿಡುವುದಿಲ್ಲ. ಕೆಳಗೆ ಟಿನ್ ಫ್ಯಾಕ್ಟರಿ ಜಂಕ್ಷನ್. ಬಸ್ಸಿನ ಸೈಲೆನ್ಸರಿಗೆ ಮುಖ ಕೊಟ್ಟು ನಾನು ನಿಲ್ಲುತ್ತಿದ್ದ ಜಾಗವನ್ನು ಮೇಲಿನಿಂದ ನೋಡುವುದು ಒಂದು ಸುಖ. ಸ್ವಲ್ಪ ಕೆಟ್ಟ ಸುಖವೇ, ಒಪ್ಪುತ್ತೇನೆ.

ಲೆಕ್ಕವನ್ನೂ ಹಾಕಿದ್ದೆ. ಹೋಗಿಬರಲು ಸುಮಾರು 40 ಕಿ.ಮೀ., ಅಂದರೆ ನನ್ನ ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲ್. ಅದು ಉರಿದರೆ ಹತ್ತಿರ ಹತ್ತಿರ 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಅಷ್ಟೊಂದು ಹೇಗೆ ಅಂತ ಕೇಳಬೇಡಿ, ಮಿಕ್ಕ ತೂಕ ಗಾಳಿಯಲ್ಲಿರುವ ಆಮ್ಲಜನಕದ್ದು. ಹಾಗಂತ ಮೆಟ್ರೊ ಲೆಕ್ಕ ಸೊನ್ನೆಯೇನಲ್ಲ. ಮೂರನೇ ಹಳಿಯಲ್ಲಿ ಹರಿಯುವ 750 ವೋಲ್ಟ್ ಕರೆಂಟಿನಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು ಇರುವ ಹಾಗೆ ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲೂ ಇದೆ. ಹೊಗೆ ನನ್ನ ಮೂಗಿನಿಂದ ದೂರ ಹೋಗಿದೆ ಅಷ್ಟೇ. ಬ್ರೇಕ್ ಹಾಕಿದಾಗ ಮೋಟರ್ ಒಂದಿಷ್ಟು ಕರೆಂಟ್ ವಾಪಸ್ ಕೊಡುತ್ತದೆ, ಹತ್ತಿರದ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ದೆಹಲಿ ಮೆಟ್ರೊಗೆ ಇದರಿಂದಲೇ ಕಾರ್ಬನ್ ಕ್ರೆಡಿಟ್, ಅಂದರೆ ಹೊಗೆ ಉಳಿಸಿದ್ದಕ್ಕೆ ಸಿಗುವ, ಮಾರಬಹುದಾದ ಅಂಕ, ಸಿಕ್ಕಿತ್ತು. ಇನ್ನೊಂದು ಮಜಾ ಇದೆ: ಬೋಗಿಯಲ್ಲಿ ಜನ ಹೆಚ್ಚಿದಷ್ಟೂ ಪ್ರತಿಯೊಬ್ಬರ ಪಾಲಿನ ಹೊಗೆ ಕಡಿಮೆ. ಸೋಮವಾರ ಯಾರಾದರೂ ಮೊಣಕೈಯಲ್ಲಿ ತಿವಿದರೆ ಇದನ್ನೇ ನೆನೆದು ಸುಮ್ಮನಾಗುತ್ತೇನೆ.

2025ರ ಫೆಬ್ರವರಿಯಲ್ಲಿ ದರ ಏರಿತು. ಅತಿ ಹೆಚ್ಚಿನ ಟಿಕೆಟ್ 60 ಇದ್ದದ್ದು 90 ಆಯಿತು. ಕಾರ್ಡಿನ ಶೇ. 5 ರಿಯಾಯಿತಿ ಕಳೆದರೂ ನನ್ನ ದೂರಕ್ಕೆ ಈಗ ಪೆಟ್ರೋಲೇ ಅಗ್ಗ. ಸ್ಕೂಟರಿನ ಸರ್ವೀಸು, ಟೈರು, ಬೆನ್ನುನೋವು ಸೇರಿಸಿದರೆ ಸಮ ಆಗಬಹುದು ಅಂತ ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿಲ್ಲ.

ಆದರೆ ನಿಜವಾದ ಎಡವಟ್ಟು ಮನೆಯಲ್ಲೇ ಆಯಿತು. ಪಾಸ್ ಇಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗ ಒಂದು ದಿನ, "ಸ್ಕೂಟರ್ ಸುಮ್ನೆ ನಿಂತಿದೆಯಲ್ಲಪ್ಪಾ" ಅಂದ. ಬ್ಯಾಟರಿ ಡೆಡ್ ಆಗುತ್ತಲ್ಲ ಅಂತ ನಾನೇ ಕೀ ಕೊಟ್ಟೆ. ಈಗ ಕಾಲೇಜು, ಟ್ಯೂಷನ್ನು, ಗೆಳೆಯನ ಮನೆ, ಮೊಸರು ತರಲು ಮುಂದಿನ ಬೀದಿ, ಎಲ್ಲಕ್ಕೂ ಸ್ಕೂಟರ್. ಪೆಟ್ರೋಲ್ ಖರ್ಚು ಮೊದಲಿನ ಅರ್ಧಕ್ಕೂ ಇಳಿದಿಲ್ಲ. ನಾನು ಉಳಿಸಿದ 2.3 ಕೆ.ಜಿ.ಯಲ್ಲಿ ಒಂದೂವರೆಯನ್ನು ಅವನು ವಾಪಸ್ ಬಿಡುತ್ತಿದ್ದಾನೆ. ಇದಕ್ಕೆ ಮೆಟ್ರೊಗೆ ಸ್ಟಾರ್ ಕಡಿಮೆ ಮಾಡೋದು ನ್ಯಾಯ ಅಲ್ಲ, ಅಲ್ವಾ? ಐದಕ್ಕೆ ನಾಲ್ಕೂವರೆ ಕೊಟ್ಟಿದ್ದೇನೆ.

ಮೊನ್ನೆ ಬಚ್ಚಲಿಗೆ ಹೋದಾಗ ಮೂಲೆಯಲ್ಲಿ ಮತ್ತೆ ಆ ಹಳೇ ಮಗ್ಗು. ನೀರು ಅದೇ ಡಿಕಾಕ್ಷನ್. ಒಳಗಿದ್ದದ್ದು ಮಗನ ಕರ್ಚೀಫು.