ಮಡಚುವ ಇಲಿಪೆಟ್ಟಿಗೆ: ಆರು ವರ್ಷ ಬಳಸಿದ ಮೇಲೆ

ಶರಾವತಿ ಕಣಿವೆಯ ಕಾಡಿನಲ್ಲಿ ಇಲಿ, ಸುಂಡಿಲಿಗಳ ಲೆಕ್ಕ ತೆಗೆಯಲು ಈ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಆರು ವರ್ಷದಿಂದ ಬಳಸುತ್ತಿದ್ದೇನೆ. ಶರ್ಮನ್ ಮಾದರಿಯವು, ಅಂದರೆ ಇಲಿಯನ್ನು ಜೀವಂತ ಹಿಡಿಯುವ, ಮಡಚಿಡಬಹುದಾದ ಬೋನು. ಅಮೆರಿಕದ ಅಸಲಿಯನ್ನು ತರಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ, ಹಾಗಾಗಿ ಊರ ಕಡೆಯ ವರ್ಕ್‌ಶಾಪ್ ಒಂದರಲ್ಲಿ 49 ಮಾಡಿಸಿದೆವು. ಏಳು ಸಾಲು, ಸಾಲಿಗೆ ಏಳು.

ಮೊದಲ ಎರಡು ವರ್ಷ ಇದನ್ನು ಹೊಗಳುವುದೇ ನನ್ನ ಕೆಲಸವಾಗಿತ್ತು. ಮಡಚಿದರೆ ಒಂದು ನೋಟ್‌ಬುಕ್ಕಿನಷ್ಟು ದಪ್ಪ. 49ನ್ನೂ ಎರಡು ಅಕ್ಕಿಚೀಲದಲ್ಲಿ ತುಂಬಿ ಇಬ್ಬರು ಗುಡ್ಡ ಹತ್ತಬಹುದು. ತಂತಿಯ ಬೋನಾದರೆ ಹತ್ತಕ್ಕೇ ಜೀಪಿನ ಹಿಂಭಾಗ ತುಂಬುತ್ತದೆ. ಸಂಜೆ ನಾಲ್ಕಕ್ಕೆ ಕೆಂಡ ಮಾಡಿ ಕೊಬ್ಬರಿ ಹೋಳು ಸುಡುತ್ತೇವೆ. ಅಂಚು ಕಪ್ಪಾಗಿ ಎಣ್ಣೆ ಜಿನುಗಬೇಕು, ಅದಕ್ಕಿಂತ ಹೆಚ್ಚು ಸುಡಬಾರದು. ಪುಸ್ತಕದವರು ಶೇಂಗಾ ಬೆಣ್ಣೆ, ಓಟ್ಸ್ ಎನ್ನುತ್ತಾರೆ. ನಮ್ಮ ಇಲಿಗಳಿಗೆ ಅಜ್ಜಿಯ ಕಾಲದ ಸುಟ್ಟ ಕೊಬ್ಬರಿಯೇ ರುಚಿ, ನಮಗೂ ಅಷ್ಟೇ, ಅರ್ಧ ದಾರಿಯಲ್ಲೇ ಖರ್ಚಾಗುತ್ತದೆ. ಒಳಗೆ ಒಂದು ಹಿಡಿ ಹತ್ತಿ ತುರುಕುತ್ತೇವೆ. ಲೋಹದ ಗೋಡೆ ರಾತ್ರಿ ತಣ್ಣಗಾಗಿ ಬೆವರುತ್ತದೆ, ಒದ್ದೆಯಾದ ಇಲಿ ಬೆಳಗಿನವರೆಗೆ ಉಳಿಯುವುದಿಲ್ಲ. ಹೊರಗೆ ತರಗೆಲೆ ಹೊದಿಸಿದರೆ ದಿನದ ಕೆಲಸ ಮುಗಿಯಿತು.

ಮೂರನೇ ವರ್ಷದ ಒಂದು ಬೆಳಿಗ್ಗೆ ನೋಡಿದರೆ ಒಂದು ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ಕೊಬ್ಬರಿ ಮುಕ್ಕಾಲು ಪಾಲು ಇರಲಿಲ್ಲ. ಇಲಿ ತುಳಿದೊಡನೆ ಬಾಗಿಲು ಮುಚ್ಚಿಸಬೇಕಾದ ತುಳಿತಟ್ಟೆಯ ಮೇಲೆ, ಸರಿಯಾಗಿ ನಡುವೆ, ಎಳ್ಳಿನಷ್ಟು ದೊಡ್ಡ ಮೂರು ಹಿಕ್ಕೆ. ಯಾರೋ ಬಂದು, ತಟ್ಟೆಯ ಮೇಲೆಯೇ ಕೂತು ಉಂಡು, ಹಿಕ್ಕೆ ಹಾಕಿ ಹೋಗಿದ್ದರು. ಬಾಗಿಲು ಅಲುಗಿರಲಿಲ್ಲ. ಜೊತೆಗಿದ್ದ ವಾಚರ್ ಬಗ್ಗಿ ನೋಡಿ, "ಇದು ಬೋನಲ್ಲ ಮಾರಾಯರೆ, ಛತ್ರ" ಎಂದರು.

ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ತಟ್ಟೆಯ ಮೇಲಿಟ್ಟೆ. ಅದು ನಾಲ್ಕು ಗ್ರಾಂಗೆ ಸ್ವಲ್ಪ ಕಡಿಮೆ. ಏನೂ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ. ಮೂರನೆಯದಕ್ಕೆ ಬಾಗಿಲು ಟಪ್ಪೆಂದು ಮೇಲೆದ್ದು ಮುಚ್ಚಿಕೊಂಡಿತು. ಅಂದು ಸಂಜೆಯವರೆಗೆ ಎಲ್ಲವನ್ನೂ ಹೀಗೆಯೇ ಪರೀಕ್ಷಿಸಿದೆ. ಹೆಚ್ಚಿನವು ಮೂರೋ ನಾಲ್ಕೋ ನಾಣ್ಯ ಕೇಳಿದವು. ನಮ್ಮ ಪಶ್ಚಿಮ ಘಟ್ಟದಲ್ಲಿರುವ ಪುಟಾಣಿ ಸುಂಡಿಲಿಯ ತೂಕ ಸುಮಾರು ಎರಡು ಗ್ರಾಂ, ಅಂದರೆ ಅರ್ಧ ನಾಣ್ಯ. ಎರಡು ವರ್ಷ ನಾನು ಪಟ್ಟಿಯಲ್ಲಿ ಸೊನ್ನೆ ಬರೆದದ್ದು ಕಾಡಿನ ಬಗ್ಗೆಯಲ್ಲ, ಒಂದು ತಗಡಿನ ಬಗ್ಗೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ರಿಪೇರಿ ಇದೆ: ಬಾಗಿಲು ಕಚ್ಚಿಕೊಳ್ಳುವ ನಾಲಿಗೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಬೇಕು. ಅತಿಯಾದರೆ ಮರದ ಹನಿ ಬಿದ್ದರೂ ಮುಚ್ಚಿಕೊಳ್ಳುತ್ತದೆ, ಬೆಳಿಗ್ಗೆ ಹತ್ತು ಪೆಟ್ಟಿಗೆಯಲ್ಲಿ ಬರೀ ಗಾಳಿ. ಮಣ್ಣು ಸೇರಿದರೆ ಮತ್ತೆ ಮೊದಲಿನಂತೆಯೇ. ಹಾಗಾಗಿ ಪ್ರತಿ ಸಂಜೆ ಕೊಬ್ಬರಿಯ ಜೊತೆ ನಾಣ್ಯದ ಪರೀಕ್ಷೆಯೂ ಸೇರಿತು.

ಸುಂಡಿಲಿ ಕಡೆಗೂ ಸಿಕ್ಕಿದ್ದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂತು, ಎರಡೂ ಬದಿಗೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಹಾಳೆಯ ಬೇಲಿ ಕಟ್ಟಿದ್ದೆವು. ಬೇಲಿಯ ಬುಡ ಹಿಡಿದು ಬಂದದ್ದು ಒಳಗೆ ಬೀಳುತ್ತದೆ. ತೂಕ ಕೇಳುವವರಿಲ್ಲ. ಟಾರ್ಚ್ ಬೆಳಕಿನಲ್ಲಿ ಚೂಪು ಮೂತಿ ಗಡಗಡ ನಡುಗುತ್ತಿತ್ತು, ಅದರ ಪಕ್ಕ ಒಂದು ಕಪ್ಪೆ ತಣ್ಣಗೆ ಕೂತಿತ್ತು. ಆದರೆ ಬಕೆಟ್ ನಿದ್ದೆ ಕಸಿಯುತ್ತದೆ. ಸುಂಡಿಲಿ ಕೆಲವೇ ಗಂಟೆ ಉಪವಾಸವಿದ್ದರೂ ಸಾಯುತ್ತದೆ, ರಾತ್ರಿಯಿಡೀ ಎರಡೆರಡು ಗಂಟೆಗೆ ಏಳಬೇಕು. ಮಳೆಗಾಲದಲ್ಲಂತೂ ಬಕೆಟ್ ಬಾವಿಯಾಗುತ್ತದೆ, ಆಗ ಇಡಲೇಬಾರದು.

ಸಂತೆಯಲ್ಲಿ ಸಿಗುವ ತಂತಿಯ ಇಲಿಬೋನನ್ನು ನಾನು ಬಹಳ ದಿನ ಕೀಳಾಗಿ ಕಂಡಿದ್ದೆ. ಅದನ್ನೇ ಮರದ ಕವಲಿಗೆ ಕಟ್ಟಿದಾಗ ಬಾಲದ ತುದಿ ಬೆಳ್ಳಗಿದ್ದ, ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲದ ಮುಳ್ಳಿಲಿ ಬಂತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಅದು ಮರ ಬಿಟ್ಟು ಇಳಿಯುವುದು ಅಪರೂಪ, ನೆಲದ ಪೆಟ್ಟಿಗೆಗೆ ಸಿಗದ್ದರಲ್ಲಿ ಆಶ್ಚರ್ಯವೇನಿಲ್ಲ. ಕ್ಯಾಮೆರಾ ಟ್ರ್ಯಾಪನ್ನೂ ನೋಡಿದೆ, ಚಿತ್ರ ಚೆನ್ನಾಗಿ ಬರುತ್ತದೆ, ಕಂದು ಇಲಿ ಯಾವ ಕಂದು ಇಲಿ ಎಂದು ಹೇಳುವುದಿಲ್ಲ.

ಪೆಟ್ಟಿಗೆಯನ್ನು ನಾನು ಬಿಡದಿರುವುದಕ್ಕೆ ಒಂದು ಕಾರಣವಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ನಮ್ಮ ಶಿವಮೊಗ್ಗ ಜಿಲ್ಲೆಯದೇ. ಅದನ್ನು ಹರಡುವುದು ರಕ್ತ ಹೀರುವ ಉಣ್ಣಿ, ಹಾಗಾಗಿ ಇಲಿ, ಸುಂಡಿಲಿಗಳ ಮೈಮೇಲಿನ ಉಣ್ಣಿ ಇಲ್ಲಿ ತಮಾಷೆಯ ಮಾತಲ್ಲ. ಪೆಟ್ಟಿಗೆಯ ಬಾಯಿಗೆ ಬಟ್ಟೆಚೀಲ ಹಿಡಿದು ಕೊಡವಿದರೆ ಇಲಿ ನೇರ ಚೀಲಕ್ಕೆ ಇಳಿಯುತ್ತದೆ. ತಂತಿಯ ಬೋನಿನಲ್ಲಿ ಅದು ಉಗುರು ಸಿಕ್ಕಿಸಿಕೊಂಡು ಕೂರುತ್ತದೆ, ಗ್ಲೌಸ್ ಹಾಕಿದ್ದರೂ ಜೀವ ಕೈಯಲ್ಲಿ ಹಿಡಿದೇ ಬಿಡಿಸಬೇಕು.

ಈ ಸಲ ಹೊಸದಾಗಿ ಪೆಟ್ಟಿಗೆ ಕೊಳ್ಳಲಿಲ್ಲ. ಒಂಬತ್ತು ಬಕೆಟ್, ಆರು ಸಂತೆಬೋನು ತಂದೆ. ಹಳೆಯ 49ರಲ್ಲಿ ಒಂದೇ ನಾಣ್ಯಕ್ಕೆ ಮುಚ್ಚುವ ಹದಿನಾಲ್ಕಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ. ಉಳಿದವನ್ನು ದೊಡ್ಡ ಇಲಿಗಳಿಗೆ ಬಿಟ್ಟಿದ್ದೇನೆ.